ಬಾಣಂತಿ ಕೋಣೆಯ ಅಲರ್ಟ್

1

ಎಲ್ಲಿಂದ ಶುರು ಮಾಡಲಿ? ಹೀಟರಿನಿಂದ ಶುರು ಮಾಡಿದರೆ, ಬಳ್ಳಾರಿಯಲ್ಲಿ ಅದು ಯಾರಿಗೆ ಬೇಕು ಎಂದು ನೀವು ನಗುತ್ತೀರಿ. ಮಗುವಿನಿಂದ ಶುರು ಮಾಡಿದರೆ, ಅಳಿಸುವ ಕಥೆ ಎಂದುಕೊಳ್ಳುತ್ತೀರಿ. (ನನಗೂ ಆ ಭಯವಿದೆ.)

ಬಾಣಂತಿ ಕೋಣೆಯಿಂದ ಶುರು ಮಾಡುತ್ತೇನೆ. ಡಿಸೆಂಬರ್. ಗಾಂಧಿನಗರದ ತವರುಮನೆಯಲ್ಲಿ ಶ್ರೀವಲ್ಲಿ, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್. ತೊಟ್ಟಿಲಲ್ಲಿ ತೂಕ ಕಡಿಮೆ ಇರುವ ಹೆಣ್ಣುಕೂಸು. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇರಬೇಕಾದ ಜಾಗದಲ್ಲಿ ಒಂದು ಬಿಳಿ ಹೀಟರ್. ಸಿರುಗುಪ್ಪದಲ್ಲಿ ಕೆಲಸ ಮಾಡುವ ಗಂಡ ಸಂಕರ್ಷಣ ತಂದುಕೊಟ್ಟದ್ದು. ತೊಟ್ಟಿಲಿಗೆ ಕಟ್ಟಿದ ಬೆರಳುದ್ದದ ಸೆನ್ಸರ್ ಕೋಣೆಯ ಶಾಖವನ್ನು ಅವನ ಫೋನಿಗೆ ತಿಳಿಸುತ್ತದೆ. ಇಪ್ಪತ್ತೆಂಟು ಡಿಗ್ರಿಗಿಂತ ಇಳಿದರೆ ಅಲರ್ಟ್.

ಮೇಲೇರಿದರೆ? ಆ ಅಲರ್ಟನ್ನು ಅವನು ಹಾಕಿಲ್ಲ. (ವಿಜ್ಞಾನ ಓದಿದ ನನಗೂ ಹೊಳೆದಿರಲಿಲ್ಲ. ಬಾಣಂತಿಗೆ ಶಾಖ ಹೆಚ್ಚಾಗಬಹುದು ಎಂದು ಈ ಊರಲ್ಲಿ ಯಾರೂ ಯೋಚಿಸುವುದಿಲ್ಲ.)

2

ಮೊದಲ ಡ್ರಾಫ್ಟಿನಲ್ಲಿ ಹೀಟರ್ ಕೆಟ್ಟು, ಅಲರ್ಟ್ ಬಂದು, ಸಂಕರ್ಷಣ ಬೈಕ್ ಹತ್ತಿ ಧಾವಿಸಿ ಮಗುವನ್ನು ಉಳಿಸುತ್ತಿದ್ದ. ಹರಿದು ಹಾಕಿದೆ. ಶ್ರೀವಲ್ಲಿ ಅಡ್ಡ ಬಂದಳು.

"ಹೀಟರ್ ಕೆಟ್ರ ಛಲೋನೇ ಆಗ್ತಿತ್ತಲ್ರೀ. ಕೂಸಿನ ಕುತ್ತಿಗಿ ನೋಡ್ರಿ, ಕೆಂಪ ಗುಳ್ಳಿ ಎದ್ದಾವ. ಬೆವತು ಬೆವತು ಹಾಲು ಕುಡೀವಲ್ದು. ಡಾಕ್ಟರು ಗಾಳಿ ಆಡ್ಲಿ ಅಂದಾರ. ನನಗ ಕಿಟಕಿ ತೆಗೀಬೇಕು, ಅಷ್ಟ."

ತೆಗೆದಳು ಎಂದು ಬರೆದೆ.

ತೆಗೆದಳು. ಗಾಳಿ ಬಂತು. ಶಾಖ ಇಳಿಯಿತು. ಸಿರುಗುಪ್ಪದಲ್ಲಿ ಫೋನ್ ಕೂಗಿತು. ಸಂಕರ್ಷಣ ಅತ್ತೆಗೆ ಫೋನ್ ಮಾಡಿದ. ಶ್ರೀವಲ್ಲಿಯ ತಾಯಿ ಸೀತಾಬಾಯಿ ಸೌಟು ಹಿಡಿದೇ ಬಂದಳು.

"ಮತ್ತ ತೆಗದಿಯೇನು? ಅಳಿಯಂದ್ರಿಗೆ ಅಲ್ಲಿ ಕೂತು ಕಾಣಸ್ತದ, ನನಗ ಇಲ್ಲಿದ್ದು ಕಾಣಸವಲ್ದು. ಏನ್ ಮರ್ಯಾದಿ ಉಳೀತು ನಂದು?"

ಕಿಟಕಿ ಮುಚ್ಚಿತು.

2 (ಮತ್ತೊಮ್ಮೆ)

ಸೀತಾಬಾಯಿಯನ್ನು ಖಳನಾಯಕಿ ಮಾಡಲು ನೋಡಿದೆ. ಆಗಲಿಲ್ಲ.

"ಕುರುಗೋಡಿನಾಗ ನನ್ನ ಮೊದಲ ಕೂಸು ಥಂಡಿ ಹತ್ತಿ ಹೋತು," ಎಂದಳು. "ಆ ಕೋಣಿ ಕಿಟಕಿಗೆ ಬಾಗಲಾನೇ ಇದ್ದಿದ್ದಿಲ್ಲ. ಅದನ್ನೂ ಬರಕೋ."

ಬರೆದುಕೊಂಡೆ. ಸಂಕರ್ಷಣನ ಹತ್ತಿರ ಹೋದೆ. "ಮೇಲಿನ ಅಲರ್ಟೂ ಹಾಕಪ್ಪ."

"ಎಷ್ಟಕ್ಕ ಹಾಕ್ಲಿ? ನೀವ ಹೇಳ್ರಿ. ಸೈನ್ಸ್ ಓದಿದವ್ರು."

ತೊಟ್ಟಿಲಿಗೆ ಒಂದು ಸಂಖ್ಯೆ ಬೇಕು, ಮಂಚಕ್ಕೆ ಇನ್ನೊಂದು, ಸೌಟು ಹಿಡಿದು ನಿಂತವಳಿಗೆ ಮತ್ತೊಂದು. ಸೆನ್ಸರ್ ಇರುವುದು ಒಂದೇ.

4

(ಮೂರು ಎಲ್ಲಿ? ಅದರಲ್ಲಿ ಎಲ್ಲರೂ ಕೂತು ಮಾತಾಡಿ ಒಪ್ಪಿಕೊಳ್ಳುತ್ತಿದ್ದರು. ನನಗೇ ನಂಬಿಕೆ ಬರಲಿಲ್ಲ.)

ಈ ಸಂಜೆ ಶ್ರೀವಲ್ಲಿ ನನ್ನನ್ನು ಕೇಳದೆ ಸೆನ್ಸರನ್ನು ತೊಟ್ಟಿಲಿನಿಂದ ಬಿಚ್ಚಿ ಕುಪ್ಪಸದೊಳಗೆ ಇಟ್ಟುಕೊಂಡಳು. ಕೂಸನ್ನು ಎದೆಗೊತ್ತಿಕೊಂಡಳು. ಕಿಟಕಿ ತೆಗೆದಳು.

ಸಿರುಗುಪ್ಪದಲ್ಲಿ ಫೋನ್ ಸುಮ್ಮನಿದೆ. ಸಂಕರ್ಷಣ ನಿಶ್ಚಿಂತೆಯಿಂದ ಚಹಾ ಕುಡಿಯುತ್ತಿದ್ದಾನೆ.

ಮುಕ್ತಾಯ ಅ: ಬೆವರು ಆರಿ, ಕೂಸು ಹಾಲು ಕುಡಿದು ಮಲಗುತ್ತದೆ.

ಮುಕ್ತಾಯ ಆ: ಸೀತಾಬಾಯಿ ಹೆದರಿದ್ದೇ ಆಗುತ್ತದೆ.

ಯಾವುದು? ಕೋಣೆ ಎಷ್ಟು ತಣ್ಣಗಾಗಿದೆ ಎಂದು ಗೊತ್ತಾದರೆ ಬರೆದೇನು. ಆದರೆ ಕಥೆಯ ಏಕೈಕ ಸೆನ್ಸರ್ ಈಗ ತಾಯಿಯ ಮೈಶಾಖವನ್ನು ಮಾತ್ರ ಹೇಳುತ್ತಿದೆ.

"ಆ ಸೆನ್ಸರ್ ಒಂದು ನಿಮಿಷ ಕೊಡವ್ವ. ಕಥೆ ಮುಗಿಸಿ ವಾಪಸ್ ಕೊಡ್ತೀನಿ."

"ಸುಮ್ಮಿರ್ರಿ," ಎಂದಳು ಪಿಸುದನಿಯಲ್ಲಿ. "ಈಗಷ್ಟ ಬಾಯಿ ಹಾಕ್ಯಾಳ. ನೀವು ಹೋಗಿ ಆ ಬಾಗಲಾ ಕಾಯ್ರಿ. ಅವ್ವ ಬಂದ್ರ ನನಗ ಹೇಳ್ರಿ."

ಬಾಗಿಲಲ್ಲಿ ನಿಂತಿದ್ದೇನೆ. ಬೆನ್ನಿಗೆ ಕಿಟಕಿಯ ಗಾಳಿ ತಾಗುತ್ತಿದೆ. ಹಿತವಾಗಿದೆಯೋ ಚಳಿಯೋ, ಹೇಳಲಾರೆ. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ನಾನೀಗ ಕೂಗಬೇಕೋ, ಕೂಗಿದರೆ ಯಾರನ್ನು, ಶ್ರೀವಲ್ಲಿಯನ್ನೋ ಸೀತಾಬಾಯಿಯನ್ನೋ—