ಗಾಜಿನಾಚೆ ಕೂತ ಮಂತ್ರಿ

ಅಕ್ಕ ನೆರಿಸ್ ನನ್ನನ್ನು ಕರೆದುಕೊಂಡು ಲಂಡನ್ನಿಗೆ ಹೊರಟದ್ದು ಒಂದೇ ಪ್ರಶ್ನೆಗಾಗಿ: ನಮ್ಮೂರಿನ ರೈಲ್ವೆ ಗೇಟಿನ ಕಾವಲುಗಾರನನ್ನು ತೆಗೆದುಹಾಕುವ ಮುಂಚೆ ಸಾರಿಗೆ ಮಂತ್ರಿ ಆ ಜಾಗವನ್ನು ನೋಡಿದ್ದರೇ? ಕಾವಲುಗಾರ ಹೋದ ಮೇಲೆ ತಾನಾಗಿ ಮುಚ್ಚಬೇಕಿದ್ದ ಗೇಟು ಒಂದು ಬೆಳಿಗ್ಗೆ ಮುಚ್ಚಲಿಲ್ಲ. ಸೈಕಲ್ಲಿನಲ್ಲಿ ಕಾಲೇಜಿಗೆ ಹೊರಟಿದ್ದ ಅಕ್ಕನ ಮಗಳು ಎಲುನೆಡ್ ಮನೆಗೆ ಬರಲಿಲ್ಲ.

ಸಂಸತ್ತಿನ ಕೆಳಮನೆಯ ಗ್ಯಾಲರಿಯಲ್ಲಿ ಜನರ ಮುಂದೆ ದಪ್ಪ ಗಾಜು. ಕೆಳಗಿನ ಮಾತು ಸ್ಪೀಕರ್ ಪೆಟ್ಟಿಗೆಯಿಂದ ಬರುತ್ತದೆ. ನಾವು ಆರಿಸಿ ಕಳಿಸಿದ ಸದಸ್ಯ ಇದ್ರಿಸ್ ಪ್ರೋಬರ್ಟ್ ಎದ್ದು ಅಕ್ಕನ ಪ್ರಶ್ನೆ ಕೇಳಿದರು. ಎದುರಿನಿಂದ ಎದ್ದವಳು ಉಪಮಂತ್ರಿ.

"ಮಾನ್ಯ ಸಚಿವರಿಗೆ ಈ ಕುಟುಂಬದ ನೋವಿನ ಅರಿವಿದೆ. ಪ್ರಶ್ನೆಯನ್ನು ಅವರ ಗಮನಕ್ಕೆ ತರುತ್ತೇನೆ."

"ಇವಳ್ಯಾರೇ? ಮಂತ್ರಿ ಎಲ್ಲಿ?" ಅಕ್ಕ ನನ್ನ ಮೊಣಕೈ ತಿವಿದಳು.

"ಅವನು ಲಾರ್ಡ್ ಅಕ್ಕ, ಮೇಲ್ಮನೆಯೋನು. ಇಲ್ಲಿ ಬಾಯಿ ಬಿಡೋ ಹಾಗಿಲ್ಲ. ಪ್ರಧಾನಿ ಲಾರ್ಡ್ ಮಾಡಿದ್ರು, ಆಮೇಲೆ ಮಂತ್ರಿ ಮಾಡಿದ್ರು."

"ಓಟೇ ಇಲ್ದೆ? ಪುಣ್ಯವಂತ. ಊರ ಲೈಬ್ರರಿ ಕಸ ಗುಡಿಸೋಕೂ ನನ್ನ ಇಂಟರ್‌ವ್ಯೂ ಮಾಡಿದ್ರಲ್ಲೇ!"

ಆಗಲೇ ನನಗೆ ಕಂಡಿತು. ಗಾಜಿನಾಚೆ, ಲಾರ್ಡುಗಳಿಗೆಂದೇ ಬಿಟ್ಟ ಬೆಂಚಿನಲ್ಲಿ, ಟೀವಿಯಲ್ಲಿ ನೋಡಿದ್ದ ಅದೇ ಬೋಳುತಲೆ. "ಅಕ್ಕಾ, ಅಗೋ ಅವನೇ."

ಪ್ರೋಬರ್ಟರೂ ಕಂಡಿದ್ದರು. "ಗಮನಕ್ಕೆ ತರಲು ಬಹಳ ದೂರ ಹೋಗಬೇಕಿಲ್ಲ ತಾಯಿ. ಅಗೋ, ಮೇಲೆ ಕೂತು..."

"ಆರ್ಡರ್!" ಸಭಾಧ್ಯಕ್ಷರು ಗದರಿದರು. "ಗ್ಯಾಲರಿಯಲ್ಲಿ ಕೂತವರ ವಿಷಯ ಸದನದಲ್ಲಿ ಎತ್ತುವಂತಿಲ್ಲ. ಸದಸ್ಯರಿಗೆ ಇದು ಗೊತ್ತಿರಬೇಕು."

ಸದನ ನಕ್ಕಿತು. ಬೋಳುತಲೆಯ ಕೆಳಗಿನ ಭುಜಗಳೂ ಕುಲುಕಿದವು.

ಅಕ್ಕ ಎದ್ದು ಗಾಜಿಗೆ ಅಂಗೈ ಒತ್ತಿದಳು. "ಆ ಜಾಗ ನೋಡಿದ್ದೀಯೇನಯ್ಯಾ? ಒಂದ್ಸಲನಾದ್ರೂ?"

ಕೋಟು ತೊಟ್ಟ ಗ್ಯಾಲರಿ ಕಾವಲಿನವನು ಓಡಿ ಬಂದ. "ಕೂತ್ಕೊಳ್ಳಿಮ್ಮಾ. ಹೊರಗೆ ಕಳಿಸೋ ಪಾಪ ನನಗೆ ಕಟ್ಟಬೇಡಿ."

ಕೆಳಗೆ ಯಾರೋ ಬಸ್ ಪಾಸಿನ ಬಗ್ಗೆ ಕೇಳತೊಡಗಿದರು. ಮಂತ್ರಿ ಎದ್ದು, ಕೋಟು ಸರಿಮಾಡಿಕೊಂಡು, ಹಿಂತಿರುಗಿ ನೋಡದೆ ಹೋದ.

ಹೊರಗೆ ಪ್ರೋಬರ್ಟ್ ತಲೆ ಎತ್ತಲಿಲ್ಲ. "ಮೇಲ್ಮನೆಗೆ ಹೋಗಿ ನಾನು ಕೇಳೋ ಹಾಗಿಲ್ಲ, ನೆರಿಸ್. ಅಲ್ಲಿ ಇನ್ನೊಬ್ಬ ಲಾರ್ಡೇ ಕೇಳ್ಬೇಕು."

"ಗೇಟು ದಾಟೋ ಮಕ್ಕಳಿದಾರಾ ಆ ಲಾರ್ಡುಗಳಿಗೆ?" ಅಂದಳು ಅಕ್ಕ. "ಮತ್ತೆ ನಿಮಗ್ಯಾಕಪ್ಪಾ ನಾವು ಓಟು ಹಾಕಿದ್ದು?"

ಊರಿಗೆ ಹೋಗುವ ರೈಲು ಆ ಗೇಟಿನ ಮೇಲೇ ಹಾಯುತ್ತದೆ. ಎಲುನೆಡ್ ಹೋದಂದಿನಿಂದ ಅಕ್ಕ ಒಂದು ಸ್ಟೇಷನ್ ಮೊದಲೇ ಇಳಿದು ನಡೆಯುತ್ತಿದ್ದಳು. ಅಂದು ಇಳಿಯಲಿಲ್ಲ.

"ನಾನು ನೋಡ್ತೀನಿ," ಎಂದಳು. "ಯಾರಾದ್ರೂ ನೋಡ್ಬೇಕಲ್ಲ."

ಗೇಟು ಬರುವವರೆಗೂ ನನ್ನ ಕೈ ಹಿಡಿದೇ ಇದ್ದಳು.