ಈನಿಡಳ ಬೀಳ್ಕೊಡುಗೆಯ ಚಹಾ

ಲಂಡನ್ನಿನ ಆ ದೊಡ್ಡಾಸ್ಪತ್ರೆಯಲ್ಲಿ ಚಹಾ ಹಂಚುತ್ತಲೇ ಮುದುಕಿಯಾದ ಈನಿಡಳಿಗೆ ಇದ್ದದ್ದು ಒಂದೇ ಆಸೆ. ಆಡಳಿತ ಮಂಡಳಿಯ ಕೋಣೆಯಲ್ಲಿ ಕಿಟಕಿ ಪಕ್ಕ ಕೂತು, ದೊಡ್ಡವರ ಆ ನೀಲಿ ಅಂಚಿನ ಪಿಂಗಾಣಿ ಕಪ್ಪಿನಲ್ಲಿ ತಾನೂ ಒಮ್ಮೆ ಚಹಾ ಕುಡಿಯಬೇಕು. ಕೆಲಸದವರಿಗೆ ಅಲ್ಲಿ ಯಾವತ್ತೂ ದಪ್ಪ ಮಗ್ಗೇ ಗತಿ.

ನಿವೃತ್ತಿಯ ದಿನ ಅಧ್ಯಕ್ಷ ಸರ್ ಲಯನೆಲ್ ಅವಳನ್ನು ಒಳಗೆ ಕರೆಸಿದ. "ಕೂತ್ಕೊಳಮ್ಮ ಎಡ್ನಾ, ನಾವೆಲ್ಲ ಒಂದೇ ಮನೆಯವ್ರು. ಇವತ್ತಿನ ಚಹಾ ನಿನ್ನ ಗೌರವಕ್ಕೇ."

"ಈನಿಡ್, ಸರ್."

"ಅದೇ, ಅದೇ."

ಅವಳು ಕಿಟಕಿ ಪಕ್ಕವೇ ಕೂತಳು. ಮೇಜಿನ ಮೇಲೆ ಕೆಟಲಿನಲ್ಲಿ ಚಹಾ ಹಬೆಯಾಡುತ್ತಿತ್ತು. ಮಂಡಳಿಯವರು ಮಳೆಯ ಬಗ್ಗೆ ಮಾತಾಡುತ್ತ ಕಾದರೇ ಹೊರತು ಯಾರೂ ಕೈ ಚಾಚಲಿಲ್ಲ. ಕೊನೆಗೆ ಈನಿಡಳೇ ಎದ್ದು ಕಪ್ಪುಗಳಿಗೆ ಚಹಾ ಬಗ್ಗಿಸಿದಳು. ಎಲ್ಲರಿಗೂ ಕೊಟ್ಟು ನೋಡಿದರೆ ಕಪ್ಪುಗಳು ಮುಗಿದಿದ್ದವು. ಬೆಳಿಗ್ಗೆ ಅವನ್ನು ಜೋಡಿಸಿಟ್ಟವಳು ಅವಳೇ; ಎಂದಿನಂತೆ ತನ್ನನ್ನು ಬಿಟ್ಟು ಎಣಿಸಿದ್ದಳು.