ರೊಟ್ಟಿಯ ಹಾಗೆ ನಿಂತವರು

ನಮ್ಮ ಮನೆಗಳಿದ್ದದ್ದು ನೈಲ್ ದಂಡೆಯ ಹಳೆಯ ಗುಡಿಯ ನೆತ್ತಿಯ ಮೇಲೆ. ಮರಳು ಏರಿ ಏರಿ ಕಂಬಗಳ ಕತ್ತಿಗೆ ಬಂದಿತ್ತು. ನಾವು ಅರವತ್ತು ಜನ ಆ ಚಾವಣಿಯಲ್ಲೇ ಮಣ್ಣಿನ ಗೋಡೆ ಎಬ್ಬಿಸಿ, ಮೇಕೆ ಕಟ್ಟಿ, ಮಕ್ಕಳನ್ನು ಹೆತ್ತು ಬದುಕಿದ್ದೆವು.

ಆ ವರ್ಷ ನೆರೆ ಇಳಿದ ಮೇಲೆ ಒಬ್ಬ ಖವಾಜಾ, ಬಿಳಿಯ ಪರದೇಶಿ, ದೋಣಿಯಲ್ಲಿ ಪಟ ಹಿಡಿಯುವ ಮರದ ಪೆಟ್ಟಿಗೆ, ಗಾಜಿನ ಹಲಗೆಗಳನ್ನು ಹೊತ್ತು ತಂದ. ಗಾಜು ತೊಳೆಯುವ ನೀರು ಹೊರಲು ನನ್ನನ್ನು ಇಟ್ಟುಕೊಂಡ.

"ಪಟ ಪಾಷಾನ ಕಚೇರಿಗೆ ಹೋಗುತ್ತೆ ಗಲೀಲಾ," ಎಂದ ಅವನ ದುಭಾಷಿ ಗಿರ್ಗಿಸ್. "ಗುಡಿ ಖಾಲಿ ಅಂತ ಕಂಡ್ರೆ ಮರಳು ಬಾಚ್ತಾರೆ, ನಿಮ್ಮ ಗೋಡೆ ಸಮೇತ."

"ನಮ್ಮ ಮನೆಗಳು ಕಾಣಲ್ವಾ?"

"ಮಣ್ಣುಗೋಡೆನ ಹಾಳುದಿಬ್ಬ ಅಂತಾರೆ. ಜನ ಕಾಣಬೇಕು."

ಗುಡಾರದ ಕತ್ತಲಲ್ಲಿ ಖವಾಜಾ ಮೊದಲ ಗಾಜಿನ ಮೇಲೆ ಮದ್ದು ಹೊಯ್ದ, ನಾನು ನೀರು ಹೊಯ್ದೆ. ಕಪ್ಪು ಬಟ್ಟೆಯ ಮೇಲಿಟ್ಟಾಗ ಗುಡಿಯ ಪಟ ಮೂಡಿತು. ಕಂಬದ ಒಂದೊಂದು ಬಿರುಕು, ಕಲ್ಲುದೊರೆಯ ಕಿರೀಟದಲ್ಲಿದ್ದ ಗುಬ್ಬಿಗೂಡು, ಚಾವಣಿಯಲ್ಲಿ ಬಿಸಿಲಿಗೆ ಉಬ್ಬಲು ಇಟ್ಟ ನಮ್ಮ ರೊಟ್ಟಿಗಳು, ಎಲ್ಲ ಇದ್ದವು. ಆ ರೊಟ್ಟಿ ತಟ್ಟಿ ಅಲ್ಲೇ ಓಡಾಡುತ್ತಿದ್ದ ಉಮ್ ಸಾಬಿತ್ ಅತ್ತೆ ಇರಲಿಲ್ಲ. ಅರವತ್ತು ಜನರಲ್ಲಿ ಒಬ್ಬರೂ ಇರಲಿಲ್ಲ.

ಖವಾಜಾ ನಗುತ್ತ ಏನೋ ಅಂದ. "ನೂರು ಎಣಿಸೋಷ್ಟು ಹೊತ್ತು ಪೆಟ್ಟಿಗೆ ಕಣ್ಣು ತೆಗೆದಿರುತ್ತಂತೆ," ಎಂದು ಗಿರ್ಗಿಸ್ ತಿಳಿಸಿದ. "ಅಲುಗಾಡೋರನ್ನ ಅದು ನುಂಗುತ್ತೆ. ಅದಕ್ಕೇ ನಿಮ್ಮನ್ನ ಓಡಿಸ್ಲಿಲ್ಲ."

ಸುದ್ದಿ ಕೇಳಿ ಅತ್ತೆ ಉಗಿದಳು. "ಹಸಿ ಹಿಟ್ಟಿಗಿರೋ ಮರ್ಯಾದೆ ನಮಗಿಲ್ವಲ್ಲೇ." ಆಮೇಲೆ ಅವಳೇ ಅಂದಳು, "ಸರಿ, ನಾವೂ ರೊಟ್ಟಿ ಆಗೋಣ."

ಹಿಟ್ಟು ಉಬ್ಬುವಾಗ ಹತ್ತಿರದಲ್ಲಿ ಕೆಮ್ಮಲೂ ಬಾರದೆಂದು ನಮ್ಮ ಹೆಂಗಸರು ಮಕ್ಕಳಿಗೆ ಹಾಲಿನ ಜೊತೆಗೇ ಕಲಿಸುತ್ತಾರೆ.

ಮರುದಿನ ಖವಾಜಾ ರೊಟ್ಟಿಗಳನ್ನೂ ತೆಗೆಸಿದ. ಅವು ಇದ್ದ ಜಾಗದಲ್ಲಿ ನಾವು ನಿಂತೆವು. ಪೆಟ್ಟಿಗೆಯ ಕಣ್ಣಿನ ಮುಚ್ಚಳ ತೆಗೆದದ್ದೇ ತಡ, ಅರವತ್ತು ಜನ ಕಲ್ಲಾದೆವು.

"ಓಡಾಡ್ರಪ್ಪ, ಓಡಾಡಿ," ಎಂದು ಗಿರ್ಗಿಸ್ ಕೂಗಿದ. ಒಂದು ಸೆರಗೂ ಮಿಸುಕಲಿಲ್ಲ. ಕೂಸುಗಳು ಮೊಲೆ ಕಚ್ಚಿ ಸುಮ್ಮನಿದ್ದವು. ಮುಚ್ಚಲು ಎತ್ತಿದ ಖವಾಜಾನ ಕೈ ಗಾಳಿಯಲ್ಲೇ ನಿಂತಿತು. ಅವನೂ ಅಲುಗಾಡಲಿಲ್ಲ.

ಗುಡಾರದಲ್ಲಿ ಖವಾಜಾ ಮದ್ದು ಹೊಯ್ದ ಗಾಜಿನೊಳಗಿಂದ ನಾವು ಒಬ್ಬೊಬ್ಬರಾಗಿ ಎದ್ದು ಬಂದೆವು. ಅತ್ತೆಯ ಸುಕ್ಕುಗಳು ಕಂಬದ ಕೆತ್ತನೆಯಷ್ಟೇ ಚೊಕ್ಕ. ಕತ್ತೆಯೊಂದು ಮಾತ್ರ ತಲೆ ಆಡಿಸಿ ತಲೆ ಕಳೆದುಕೊಂಡಿತ್ತು. ತಕ್ಷಣ ನೀರು ಹೊಯ್ಯದಿದ್ದರೆ ಎಲ್ಲ ಮಸಿಯಾಗುತ್ತದೆಂದು ನನಗೂ ಗೊತ್ತು, ಅವನಿಗೂ ಗೊತ್ತು. ನಾನು ಕೊಡವನ್ನು ಸೊಂಟದಿಂದ ಇಳಿಸಲಿಲ್ಲ.

"ಅವನನ್ನ ಕೇಳು ಗಿರ್ಗಿಸ್, ಯಾವ ಗಾಜು ಪಾಷಾನ ಹತ್ರ ಹೋಗುತ್ತೆ? ಮೊದಲನೇದೇ ಆದ್ರೆ ಇದನ್ನ ತೊಳೆಯೋಕೆ ಈ ಊರಲ್ಲಿ ನೀರಿಲ್ಲ."

ಗಿರ್ಗಿಸ್ ಅದನ್ನು ತಿಳಿಸಿದಾಗಲೂ ಖವಾಜಾ ನನ್ನ ಕಡೆ ನೋಡಲಿಲ್ಲ. ಆ ಅರವತ್ತು ಮುಖಗಳನ್ನೇ ನೋಡುತ್ತಿದ್ದ. ಆಮೇಲೆ ಮೊದಲ ದಿನದ ಗಾಜನ್ನು ತೆಗೆದು, ಕೆರೆದು ಒರೆಸೆಂದು ಸನ್ನೆ ಮಾಡಿ, ನನ್ನ ಕೈಗೇ ಕೊಟ್ಟ.

ನೀರು ಹೊಯ್ದೆ. ನಮ್ಮ ಪಟ ನಿಂತಿತು.

ಖಾಲಿ ಗುಡಿಯನ್ನು ಹೊರಗೆ ಒಯ್ದು ಬೂದಿ ಹಾಕಿ ತಿಕ್ಕಿದೆ. ಗಾಜು ಶುಭ್ರವಾದಾಗ ಕಣ್ಣಿಗೆ ಹಿಡಿದೆ. ಅದರಾಚೆ, ಚಾವಣಿಯ ಮೇಲೆ, ಅತ್ತೆ ಮತ್ತೆ ಹಿಟ್ಟು ತಟ್ಟುತ್ತಿದ್ದಳು.